ಸತ್ಯಾಂಶ: ಕಾಲೇಜು ಬಿಟ್ಟರಷ್ಟೇ ಕಂಪನಿ ಕಟ್ಟೋಕಾಗುತ್ತಾ?

‘ಗೇಟ್ಸ್ ಕಾಲೇಜು ಬಿಟ್ಟ, ಜುಕರ್‌ಬರ್ಗ್ ಬಿಟ್ಟ. ಡಿಗ್ರಿ ಸುಮ್ನೆ ದಂಡ!’ ಈ ಫಾರ್ವರ್ಡ್ ನಿಮಗೂ ಬಂದಿರುತ್ತೆ, ಅಲ್ವಾ? ರಿಸಲ್ಟ್ ಬರುವ ತಿಂಗಳಲ್ಲಂತೂ ಇದರ ಓಡಾಟ ಜಾಸ್ತಿ.

ಮೈಕ್ರೋಸಾಫ್ಟ್ ಕಟ್ಟಿದ ಬಿಲ್ ಗೇಟ್ಸ್, ಫೇಸ್‌ಬುಕ್ ಕಟ್ಟಿದ ಜುಕರ್‌ಬರ್ಗ್, ಇಬ್ಬರೂ ಬಿಟ್ಟಿದ್ದು ನಿಜ. ಆದರೆ ಬಿಟ್ಟಿದ್ದು ಹಾರ್ವರ್ಡ್. ಅಲ್ಲಿಗೆ ಸೀಟು ಸಿಗುವಷ್ಟು ಓದಿದ್ದರು. ಗೇಟ್ಸ್ ಅಂತೂ ಹೈಸ್ಕೂಲಿನಲ್ಲೇ ಪ್ರೋಗ್ರಾಂ ಬರೆಯುತ್ತಿದ್ದರು.

ಗೂಗಲ್ ಹುಟ್ಟಿದ್ದು ಸ್ಟ್ಯಾನ್‌ಫರ್ಡ್‌ನಲ್ಲಿ, ಪೇಜ್ ಮತ್ತು ಬ್ರಿನ್ ಪಿಎಚ್‌ಡಿ ಮಾಡುತ್ತಿದ್ದಾಗ. ಪೇಜ್‌ರ‍್ಯಾಂಕ್ ಎಂಬ, ಹುಡುಕಾಟದಲ್ಲಿ ಯಾವ ಪುಟ ಮೊದಲು ಬರಬೇಕೆಂದು ತೀರ್ಮಾನಿಸುವ ವಿಧಾನದ ಪೇಟೆಂಟ್ ಇದ್ದದ್ದು ವಿಶ್ವವಿದ್ಯಾಲಯದ ಹೆಸರಿನಲ್ಲೇ. (ಅವರೂ ಪಿಎಚ್‌ಡಿ ಮುಗಿಸಲಿಲ್ಲ. ಫಾರ್ವರ್ಡ್ ಮಾಡುವವರು ಇನ್ನು ಇದನ್ನೇ ಹಿಡಿದುಕೊಳ್ಳಬಹುದು!)

ನಮ್ಮ ಬೆಂಗಳೂರಿನ ಕಥೆ ನನಗೆ ಇನ್ನೂ ಇಷ್ಟ. ಕಿರಣ್ ಮಜುಂದಾರ್ ಶಾ ಇಲ್ಲಿ ಪ್ರಾಣಿಶಾಸ್ತ್ರ ಓದಿದರು. ಆಮೇಲೆ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತರು. ವಾಪಸ್ ಬಂದರೆ, ಹೆಣ್ಣು ಅಂತ ಬ್ರೂವರಿಗಳಲ್ಲಿ ಆ ಕೆಲಸ ಕೊಡಲಿಲ್ಲ. 1978ರಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಅವರ ಜೈವಿಕ ತಂತ್ರಜ್ಞಾನ ಕಂಪನಿ ಬಯೋಕಾನ್ ಶುರುವಾಯಿತು. ಕೈಯಲ್ಲಿದ್ದದ್ದು 10,000 ರೂಪಾಯಿ. ಮೊದಮೊದಲು ಮಾಡಿದ ಸರಕುಗಳಲ್ಲೊಂದು ಪಪೇನ್. ಪರಂಗಿಕಾಯಿ ಗೀರಿದರೆ ಬಿಳಿ ಹಾಲು ಒಸರುತ್ತಲ್ಲ, ಅದರಲ್ಲಿರುವ ಕಿಣ್ವ ಇದು. ತಣ್ಣಗಾದಾಗ ಬಿಯರ್ ಮಬ್ಬಾಗದಂತೆ ತಡೆಯೋದಕ್ಕೂ ಇದನ್ನೇ ಬಳಸುತ್ತಾರೆ. ಕೆಲಸ ಸಿಗದಿದ್ದರೂ ಕಾಲೇಜಿನ ಪಾಠ ಗ್ಯಾರೇಜಿಗೆ ಬಂದಿತ್ತು.