ಶಬ್ದ ಕಂಡುಬಂದಿಲ್ಲ

ನಮ್ಮ ಭಾವನವರು ನನ್ನ ಹೊಸ ಕಾರಿನಲ್ಲಿ ಮೊದಲ ಬಾರಿಗೆ ಕುಳಿತ ದಿನ, ರಸ್ತೆಯುಬ್ಬೊಂದನ್ನು ಇಳಿಯುತ್ತಿದ್ದಂತೆ ಡ್ಯಾಶ್‌ಬೋರ್ಡಿನ ಹಿಂದೆಲ್ಲೋ ‘ಟಕ್ ಟಕ್’ ಎಂದು ಸದ್ದಾಯಿತು. ಅವರು ಏನೂ ಕೇಳದವರಂತೆ ಕಿಟಕಿಯಾಚೆ ನೋಡಿದ್ದರೆ ನಾನು ಅವರನ್ನು ಜೀವಮಾನವಿಡೀ ಗೌರವಿಸುತ್ತಿದ್ದೆ. ಅವರು ಮುಗುಳ್ನಕ್ಕು, “ಸ್ವದೇಶಿ ಗಾಡಿ ಅಲ್ಲವೇನಯ್ಯ, ಸ್ವಲ್ಪ ಮಾತು ಜಾಸ್ತಿ” ಎಂದರು. ಅವರದು ವಿದೇಶಿ ಕಂಪನಿಯ ಕಾರು. ಆ ಒಂದು ಮಾತಿಗೆ ತಕ್ಕ ಉತ್ತರ ಹುಡುಕುವುದರಲ್ಲಿ ನನ್ನ ಮೂರು ವರ್ಷಗಳು ಕಳೆಯುತ್ತ ಬಂದಿವೆ. ಕಾರಿನ ವಾರಂಟಿಯೂ ಮೂರೇ ವರ್ಷದ್ದು.

ಮೊದಲು ನಾನು ಇತಿಹಾಸದ ಮೊರೆ ಹೋದೆ. ಅಮೆರಿಕದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರ್ಖಾನೆಯೊಂದು ಕಳಪೆ ಕೆಲಸಕ್ಕೂ ಜಗಳಕ್ಕೂ ಹೆಸರಾಗಿ 1982ರಲ್ಲಿ ಬಾಗಿಲು ಹಾಕಿತ್ತು. 1984ರಲ್ಲಿ ಟೊಯೋಟಾದ ಜೊತೆಗೂಡಿ ಅದನ್ನು ‘ನ್ಯೂಮಿ’ ಎಂಬ ಹೆಸರಿನಲ್ಲಿ ತೆರೆದಾಗ, ಹಳೆಯ ಕೆಲಸಗಾರರೇ ಬಹುಪಾಲು ಮರಳಿ ಬಂದರು, ಮತ್ತು ಅದೇ ಕೈಗಳಿಂದ ಜಪಾನಿಗೆ ಸರಿಸಾಟಿಯಾದ ಕಾರುಗಳು ಹೊರಬರತೊಡಗಿದವು. ಬದಲಾದದ್ದು ಕೆಲಸದ ಕ್ರಮ: ದೋಷ ಕಂಡ ಯಾವ ಕಾರ್ಮಿಕನಾದರೂ ತಲೆಯ ಮೇಲಿನ ಹಗ್ಗ ಎಳೆದು ಕಾರು ಜೋಡಿಸುವ ಇಡೀ ಸಾಲನ್ನೇ ನಿಲ್ಲಿಸಬಹುದಾಗಿತ್ತು. ಇನ್ನೂ ಸೊಗಸಾದ ಸಂಗತಿಯೆಂದರೆ, ಅಲ್ಲಿ ಒಂದೇ ಕಾರು ಟೊಯೋಟಾ ಕೊರೊಲಾ ಎಂದೂ ಜನರಲ್ ಮೋಟರ್ಸ್‌ನ ಜಿಯೊ ಪ್ರಿಜ್ಮ್ ಎಂದೂ ಎರಡು ಹೆಸರಿನಲ್ಲಿ ಹೊರಡುತ್ತಿತ್ತು, ಜನ ಮಾತ್ರ ಕೊರೊಲಾವನ್ನೇ ಹೆಚ್ಚು ನಂಬುತ್ತಿದ್ದರು. ಇದನ್ನೆಲ್ಲ ನಾನು ಭಾವನವರಿಗೆ ಅರ್ಧ ಗಂಟೆ ವಿವರಿಸಿ, ಗುಣಮಟ್ಟಕ್ಕೂ ದೇಶಕ್ಕೂ ಸಂಬಂಧವಿಲ್ಲವೆಂದು ಸಾಧಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಹಾಗಾದರೆ ನಿನ್ನ ಗಾಡಿ ಮಾಡುವ ದಿನ ಹಗ್ಗ ಎಳೆಯುವವನು ರಜೆಯಲ್ಲಿದ್ದನೇ?” ಎಂದರು.

ಹಗ್ಗದ ಮಾತು ಬಿಟ್ಟು ನಾನು ಸರ್ವಿಸ್ ಸೆಂಟರಿನ ದಾರಿ ಹಿಡಿದೆ. ಅಲ್ಲಿ ಸರ್ವಿಸ್ ಅಡ್ವೈಸರ್, ಅಂದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರನ್ನು ಮುಟ್ಟದೆಯೇ ಅದರ ಬಗ್ಗೆ ಮಾತನಾಡುವ ಯುವಕ, “ಶಬ್ದ ಹೇಗೆ ಬರುತ್ತೆ ಸರ್?” ಎಂದು ಕೇಳಿದ. ನಾನು ನಾಲಿಗೆಯನ್ನು ಅಂಗುಳಕ್ಕೆ ಬಡಿದು ತೋರಿಸಿದೆ. “ಟಿಕ್ ಟಿಕ್ಕೋ, ಟಕ್ ಟಕ್ಕೋ?” ಎಂದು ಅವನು ಇನ್ನಷ್ಟು ಸೂಕ್ಷ್ಮಕ್ಕಿಳಿದ. ಕಾಯುತ್ತ ಕುಳಿತ ಏಳೆಂಟು ಜನರ ಎದುರು ನಾನು ಎರಡನ್ನೂ ಮಾಡಿ ತೋರಿಸಿದ ಮೇಲೆ, ‘ಟಕ್’ ಎಂಬುದರಲ್ಲಿ ನಮ್ಮಿಬ್ಬರಿಗೂ ಒಮ್ಮತವಾಗಿ ಅದು ಜಾಬ್ ಕಾರ್ಡಿನಲ್ಲಿ ದಾಖಲಾಯಿತು. ಅನಂತರ ಮೆಕ್ಯಾನಿಕ್ ಒಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರೆ, ಮನೆಯಲ್ಲಿ ಒಂದು ಗಳಿಗೆ ಬಾಯಿ ಮುಚ್ಚದ ಮಗು ನೆಂಟರೆದುರು ತುಟಿ ಬಿಚ್ಚದಂತೆ, ನನ್ನ ಕಾರು ಮೌನ ತಾಳಿತು. ನಾನು ಉಬ್ಬುಗಳನ್ನೇ ಹುಡುಕಿಕೊಂಡು ಹೋದೆ. ಒಂದೇ ಉಬ್ಬನ್ನು ಆ ಕಡೆಯಿಂದ ಮೂರು ಸಲ, ಈ ಕಡೆಯಿಂದ ಮೂರು ಸಲ ಹತ್ತಿಳಿದೆ. ರಸ್ತೆಬದಿಯಲ್ಲಿ ನಿಂತಿದ್ದ ಮುದುಕರೊಬ್ಬರು ನಮ್ಮನ್ನು ಅನುಮಾನದಿಂದ ನೋಡತೊಡಗಿದ ಮೇಲೆ ಮರಳಿದೆವು. ಜಾಬ್ ಕಾರ್ಡಿನ ಕೊನೆಯಲ್ಲಿ ‘ಶಬ್ದ ಕಂಡುಬಂದಿಲ್ಲ’ ಎಂದು ಬರೆಯಲಾಗಿತ್ತು. ಶಬ್ದವನ್ನು ಕಣ್ಣಿನಿಂದ ಹುಡುಕಿದರೆ ಇನ್ನೇನಾದೀತು ಎಂದು ಕೇಳಬೇಕೆನಿಸಿದರೂ ಕೇಳದೆ ಹೊರಟೆ. ಅವರದೇ ಗೇಟಿನ ಬಳಿಯ ಉಬ್ಬಿನ ಮೇಲೆ ಟಕ್ ಟಕ್ ಎಂದಿತು. ಹಿಂದಿರುಗಿ ಹೋದರೆ ಅಡ್ವೈಸರ್ ಊಟಕ್ಕೆ ಹೋಗಿದ್ದ.

ಎರಡನೆಯ ಸಲ ಡ್ಯಾಶ್‌ಬೋರ್ಡ್ ಬಿಚ್ಚಿ ಒಳಗೆಲ್ಲೋ ಸ್ಪಂಜಿನ ತುಂಡು ಸೇರಿಸಿದರು. ಒಂಬತ್ತು ದಿನ ಸುಖವಾಗಿದ್ದೆ. ಹತ್ತನೆಯ ದಿನ ಹಳೆಯ ‘ಟಕ್’ ಮರಳಿತು, ಬಿಚ್ಚಿ ಕೂಡಿಸಿದ್ದರ ಫಲವಾಗಿ ‘ಕಿರ್’ ಎಂಬ ಜೊತೆಗಾರನನ್ನೂ ಕರೆತಂದಿತು. ಮೂರನೆಯ ಸಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಕೇಳಿಸಿದೆ. ಅಡ್ವೈಸರ್ ಕಣ್ಣು ಮುಚ್ಚಿ, ಸಂಗೀತ ಬಲ್ಲವನಂತೆ ಆಲಿಸಿ, “ಸರ್, ಈ ಮಾಡೆಲ್ ಇರೋದೇ ಹಾಗೆ” ಎಂದ. ಆ ಮಾತು ಕೇಳಿದಾಗ ನನಗೆ ಬಂದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ದೋಷವಾದರೆ ವಾರಂಟಿ ಉಂಟು. ಸ್ವಭಾವಕ್ಕೆ ಯಾವ ಕಂಪನಿಯ ವಾರಂಟಿಯೂ ಇಲ್ಲ. ಕಾರು ಮಾರುವ ದಿನ ಷೋರೂಮಿನಲ್ಲಿ ಯಾರೂ ಈ ಮಾಡೆಲ್ಲಿನ ಸ್ವಭಾವವನ್ನು ನನಗೆ ತಿಳಿಸಿರಲಿಲ್ಲ. ಮರುದಿನ ಅದೇ ಯುವಕ ಫೋನ್ ಮಾಡಿ, ಕಂಪನಿಯವರು ಅಂಕ ಕೇಳಿದಾಗ ಹತ್ತಕ್ಕೆ ಹತ್ತೇ ಕೊಡಬೇಕೆಂದೂ ಒಂಬತ್ತು ಕೊಟ್ಟರೂ ತನಗೆ ತೊಂದರೆಯೆಂದೂ ಬೇಡಿಕೊಂಡ. ನಾನು ಹತ್ತು ಕೊಟ್ಟೆ. ಇಂಥ ಹತ್ತುಗಳೆಲ್ಲ ಎಲ್ಲಿಗೆ ಹೋಗಿ ಯಾವ ಜಾಹೀರಾತಾಗುತ್ತವೆಯೋ ಎಂದು ಆಮೇಲೆ ಯೋಚಿಸಿದೆ. ನೂರು ಕಾರುಗಳಿಗೆ ಎಷ್ಟು ದೂರು ಎಂದು ಲೆಕ್ಕ ಹಾಕುವ, ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯ ಸಮೀಕ್ಷೆಯಲ್ಲಿ ಫೋನ್ ಸರಿಯಾಗಿ ಜೋಡಣೆಯಾಗದಿದ್ದರೂ ಒಂದು ದೂರು, ಗೇರ್‌ಬಾಕ್ಸ್ ಕೆಟ್ಟರೂ ಒಂದೇ ದೂರು. ನನ್ನ ಮೂರು ಅಲೆದಾಟಗಳು ಅಂಥ ಯಾವ ಲೆಕ್ಕಕ್ಕೂ ಸೇರಲಾರವು.

ಉದ್ದನೆಯ ವಾರಂಟಿಯ ಕಂಪನಿಯನ್ನು ಆರಿಸಬೇಕಿತ್ತು ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ ಹ್ಯುಂಡೈ ನಗೆಪಾಟಲಿನ ವಸ್ತುವಾಗಿದ್ದ ಕಾಲದಲ್ಲಿ, 1998ರಲ್ಲಿ, ಅದು ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ 10 ವರ್ಷ ಅಥವಾ 1 ಲಕ್ಷ ಮೈಲಿಯ ವಾರಂಟಿ ಘೋಷಿಸಿತು. ಎಲ್ಲರೂ ನಂಬುತ್ತಿದ್ದ ಟೊಯೋಟಾಕ್ಕೆ ಹಾಗೆ ಮಾತು ಕೊಡುವ ಅಗತ್ಯ ಬೀಳಲಿಲ್ಲ. ಇದರಿಂದ ಏನನ್ನು ತಿಳಿಯಬೇಕೆಂಬುದು ಭಾವನವರೊಡನೆ ಚರ್ಚೆಗೆ ಬರುವಷ್ಟರಲ್ಲಿ ಅವರ ವಿದೇಶಿ ಕಾರು ನಿಂತೇಹೋಯಿತು.

ಅವರ ಸರ್ವಿಸ್ ಸೆಂಟರಿನಲ್ಲಿ ಯಾರೂ ಅವರಿಂದ ಶಬ್ದ ಮಾಡಿಸಲಿಲ್ಲವೆಂಬುದನ್ನು ನಾನು ಒಪ್ಪಿಕೊಳ್ಳಬೇಕು. ಮೆತ್ತನೆಯ ಸೋಫಾದಲ್ಲಿ ಕೂರಿಸಿ, ದೋಷವನ್ನು ಒಂದೇ ಗಂಟೆಯಲ್ಲಿ ಪತ್ತೆಹಚ್ಚಿ, ವಾರಂಟಿಯಲ್ಲಿಯೇ ಪುಕ್ಕಟೆಯಾಗಿ ಸರಿಪಡಿಸುವುದಾಗಿ ಹೇಳಿ, ಬಿಡಿಭಾಗ ಹಡಗಿನಲ್ಲಿ ಬರಬೇಕಾದುದರಿಂದ ಏಳು ವಾರ ಕಾಯಬೇಕೆಂದರು. ಭಾವನವರು ಹಡಗಿನ ಸುದ್ದಿಯನ್ನು ವಾರವಾರವೂ ಫೋನಿನಲ್ಲಿ ವಿಚಾರಿಸುತ್ತಿದ್ದರು. ಅವರ ಕಾರು ಕೆಟ್ಟದ್ದಕ್ಕೆ ನನಗೆ ಸಂತೋಷವಾಗಲಿಲ್ಲ ಎಂದು ಬರೆಯಬೇಕೆಂದುಕೊಂಡಿದ್ದೆ, ಆದರೆ ಸಂತೋಷವಾಯಿತು.

ಈ ಏಳು ವಾರಗಳಿಂದ ಅವರು ನನ್ನ ಕಾರಿನಲ್ಲಿಯೇ ಓಡಾಡುತ್ತಿದ್ದಾರೆ. ಮೊದಮೊದಲು ಪ್ರತಿ ಉಬ್ಬಿಗೂ ನನ್ನ ಮುಖ ನೋಡುತ್ತಿದ್ದವರು ಈಗ ಉಬ್ಬು ಕಂಡೊಡನೆ, ಮಾತು ನಿಲ್ಲಿಸದೆಯೇ, ಎಡಗೈ ಚಾಚಿ ಡ್ಯಾಶ್‌ಬೋರ್ಡಿನ ಮೂಲೆಯೊಂದನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾರೆ, ಸದ್ದು ಬರುವುದಿಲ್ಲ. ತರಬೇತಿ ಪಡೆದ ಮೂವರು ಮೆಕ್ಯಾನಿಕ್‌ಗಳಿಗೆ ಸಿಕ್ಕದ ಜಾಗ ಅವರಿಗೆ ಹೇಗೆ ಸಿಕ್ಕಿತೆಂದು ನಾನು ಕೇಳಿಲ್ಲ. ನನ್ನ ವಾರಂಟಿ ಮುಗಿಯಲು ಇನ್ನು ಹನ್ನೊಂದು ದಿನಗಳಿವೆ, ಸೋಮವಾರ ಕೊನೆಯ ಬಾರಿಗೆ ಸರ್ವಿಸ್ ಸೆಂಟರಿಗೆ ಹೋಗಬೇಕು. ಸಾಕ್ಷಿಯಾಗಿ ತಾವೂ ಬರುವುದಾಗಿ ಭಾವನವರು ಹೇಳಿದ್ದಾರೆ. ಟೆಸ್ಟ್ ಡ್ರೈವ್ ಮುಗಿಯುವವರೆಗೆ ಕೈಯನ್ನು ತೊಡೆಯ ಮೇಲೆಯೇ ಇಟ್ಟುಕೊಳ್ಳಬೇಕೆಂದು ಅವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೇನೆ.