ನಕ್ಷತ್ರ ಎಣಿಸುವವರು

ಊಟಕ್ಕೆ ಬಂದವರು ಕೈ ತೊಳೆದು ಸುಮ್ನೆ ಕೂರಬಾರದಾ? ನ್ಯೂಜೆರ್ಸಿಯ ನಮ್ಮ ಮನೆಗೆ ಬರುವವರು ನೆಟ್ಟಗೆ ಗೋಡೆಯ ಮೇಲಿನ ಹಳೇ ಅಮೆರಿಕನ್ ಬಾವುಟದ ಮುಂದೆ ನಿಂತು ನಕ್ಷತ್ರ ಎಣಿಸತೊಡಗುತ್ತಾರೆ. “ಸಾರ್, 39 ಇದೆ. ನಿಮಗೆ ಸರಿಯಾಗಿ ಟೋಪಿ ಹಾಕಿದಾರೆ!”

39 ಇದೆ ಅಂತಲೇ ಅಲ್ವಾ ನಾನು ಕೊಂಡದ್ದು! ಅಷ್ಟು ನಕ್ಷತ್ರದ ಬಾವುಟ ಯಾವತ್ತೂ ಅಧಿಕೃತವಾಗಿರಲಿಲ್ಲ. ರಾಜ್ಯಕ್ಕೊಂದು ನಕ್ಷತ್ರ; ಹೊಸ ರಾಜ್ಯ ಸೇರಿದರೆ ಅದರ ನಕ್ಷತ್ರ ಮುಂದಿನ ಸ್ವಾತಂತ್ರ್ಯ ದಿನಕ್ಕೆ, ಅಂದರೆ ಜುಲೈ 4ಕ್ಕೆ, ಏರಬೇಕು ಎಂದು 1818ರ ಕಾಯ್ದೆ. ಮೆರವಣಿಗೆಗೆ ಬಾವುಟ ಅಚ್ಚು ಹಾಕುವವರಿಗೆ ಅಷ್ಟು ತಾಳ್ಮೆ ಎಲ್ಲಿ? 39ನೇ ರಾಜ್ಯವಾಗಿ ಡಕೋಟಾ ಇನ್ನೇನು ಬಂತು ಎಂದು ಮುಂಚೆಯೇ 39 ಹಾಕಿಬಿಟ್ಟರು. ಡಕೋಟಾ ಬಂದದ್ದು 1889ರ ನವೆಂಬರ್ 2ಕ್ಕೆ, ಅದೂ ಎರಡು ಪಾಲಾಗಿ. ಉತ್ತರ ಹಿರಿಯದೋ ದಕ್ಷಿಣವೋ? ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕಾಗದಗಳನ್ನು ಕಲಸಿ, ಯಾವುದು ಯಾವುದೆಂದು ತಿಳಿಯದಂತೆ ಸಹಿ ಹಾಕಿದ. ಅಣ್ಣತಮ್ಮಂದಿರ ಪಾಲು ಪತ್ರಕ್ಕೂ ಇಂಥವರೊಬ್ಬರು ಬೇಕು. 8ಕ್ಕೆ ಮೊಂಟಾನಾ, 11ಕ್ಕೆ ವಾಷಿಂಗ್ಟನ್. ಒಟ್ಟು 42. ಅಚ್ಚಿನವರು ಖುಷಿಯಾಗಿ 42 ಹಾಕಿದರು. 1890ರ ಜುಲೈ 3ಕ್ಕೆ, ಹಬ್ಬದ ಹಿಂದಿನ ದಿನ, ಐಡಾಹೊ ನುಗ್ಗಿತು! ಬೆಳಗಾದರೆ ಲೆಕ್ಕ 43. ವಾರದೊಳಗೆ, 10ಕ್ಕೆ, ವಯೋಮಿಂಗ್ ಕೂಡ ಬಂತು. ಇನ್ನು 43 ಹಾಕಿ ಕೈ ಸುಟ್ಟುಕೊಳ್ಳುವವರು ಯಾರು? ಅದಕ್ಕೇ 43ರ ಬಾವುಟ ಅಷ್ಟು ಅಪರೂಪ. ಕಣ್ಣಿಗೆ ಬಿದ್ದರೂ ಬೆಲೆ ಕೇಳಿ ಜೇಬು ಮುಚ್ಚಿಕೊಂಡು ಬರಬೇಕು. ಐಡಾಹೊ ಮೇಲೆ ನನಗೆ ಇವತ್ತಿಗೂ ಸಿಟ್ಟು. ಎರಡು ದಿನ ತಡೆದಿದ್ದರೆ ಅದರ ಗಂಟೇನು ಹೋಗುತ್ತಿತ್ತು?

ಮುಂದೆ ಅಧ್ಯಕ್ಷನಾದ ಟಾಫ್ಟ್ ಮೇಲೂ ಸಿಟ್ಟಿದೆ, ಸ್ವಲ್ಪ ಕಮ್ಮಿ. ನಕ್ಷತ್ರಗಳನ್ನು ವೃತ್ತವಾಗಿ, ಒಂದು ದೊಡ್ಡ ನಕ್ಷತ್ರವಾಗಿ, ಮನಸ್ಸು ಬಂದಂತೆ ವಾಲಿಸಿ ಹಾಕುತ್ತಿದ್ದರು. 1912ರಲ್ಲಿ ಆತ ಆದೇಶ ಹೊರಡಿಸಿ ಎಲ್ಲವನ್ನೂ ಸಾಲಿಗೆ ನಿಲ್ಲಿಸಿದ.

ಇದನ್ನೆಲ್ಲ ಯಾಕೆ ಕೂಡಿಡುತ್ತೇನೆ ಎಂದು ಹೇಳಬೇಕೆಂದಿದ್ದೆ. ಆದರೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೊಸ ಬಟ್ಟೆಯನ್ನು ಟೀಯಲ್ಲಿ ಅದ್ದಿ, ಒಣಗಿಸಿ, ‘ಲಿಂಕನ್ ಕಾಲದ್ದು’ ಎಂದು ಮಾರುವ ಮಹಾನುಭಾವರಿದ್ದಾರೆ. ಅದಕ್ಕೇ ಜೇಬಿನಲ್ಲಿ ಒಂದು ಅತಿನೇರಳೆ ಟಾರ್ಚು ಇಟ್ಟುಕೊಂಡಿರುತ್ತೇನೆ. ಬಟ್ಟೆ ನೀಲಿಯಾಗಿ ಹೊಳೆದರೆ ಅನುಮಾನ ಪಡಬೇಕು. ಆ ಹೊಳಪಿನ ರಾಸಾಯನಿಕ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಟಾರ್ಚು ಕಂಡರೆ ಕೆಲವು ಅಂಗಡಿಯವರಿಗೆ ಉರಿ. ಮೊನ್ನೆ ಒಬ್ಬ “ಬೆಳಕು ಬಿಟ್ಟರೆ ಬಣ್ಣ ಹೋಗುತ್ತೆ ಸ್ವಾಮಿ” ಅನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಗದರಿಸಿದ. ಅವನು ಆ ಬಾವುಟ ನೇತುಹಾಕಿದ್ದು ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಯಲ್ಲಿ.