‘ಹುಟ್ಟುಗುಣ’ ಮೆಸೇಜ್ ಬಗ್ಗೆ ಸ್ಪಷ್ಟನೆ

ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ವ್ಯಕ್ತಿತ್ವದ ಕಾಯಿಲೆ ಇರುವವರು ಬದಲಾಗಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.’

ಇದು ತಪ್ಪು. ಬಾರ್ಡರ್‌ಲೈನ್ ಎಂಬ ವ್ಯಕ್ತಿತ್ವದ ತೊಂದರೆ (ಭಾವನೆಗಳು ಹತೋಟಿ ತಪ್ಪಿ ಸಂಬಂಧಗಳು ಏರುಪೇರಾಗುವ ಕಾಯಿಲೆ) ಇರುವವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಹೆಚ್ಚಿನವರ ಲಕ್ಷಣಗಳು ಇಳಿದಿವೆ. ಕೆಲಸ, ಸಂಬಂಧ ಸರಿಹೋಗಲು ಮಾತ್ರ ಜಾಸ್ತಿ ಸಮಯ ಬೇಕು. ಇದಕ್ಕೆಂದೇ ಡಿಬಿಟಿ ಎಂಬ ಮಾತಿನ ಚಿಕಿತ್ಸೆ ರೂಪಿಸಿದ ಅಮೆರಿಕದ ಮಾರ್ಷಾ ಲಿನೆಹನ್, ತಾವೂ ಹರೆಯದಲ್ಲಿ ಹೀಗೇ ನರಳಿದ್ದನ್ನು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು.

ಮೆಸೇಜಿನ ನಿಜವಾದ ಕೇಡು ಬೇರೆ. ತೊಂದರೆ ಇರುವವರೇ ಅದನ್ನು ನಂಬಿ, ‘ನಾನೇ ಕೆಟ್ಟವಳು, ಡಾಕ್ಟರ ಹತ್ತಿರ ಹೋಗಿ ಏನು ಬಂತು’ ಅಂತ ಸುಮ್ನೆ ಕೂತುಬಿಡುತ್ತಾರೆ. ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಹೋಗಿಬರೋದೇ ಸಾಹಸ, ಅದರ ಮೇಲೆ ಈ ಅಳುಕು ಬೇರೆ! ಹೊರಡಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.